ಕೇಳಿಯೇ ಮಾಡಿದ್ದು

ಸ್ಟೀರಿಂಗ್ ಹಿಡಿದ ಕೂಡಲೇ ಜನ ಮೂಕರಾಗುತ್ತಾರೆ. ಹೊರಗೆ ಎಷ್ಟೇ ಬಾಯಾಳಿಗಳಾಗಿರಲಿ, ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರೆ ಸಾಕು, ಹಲ್ಲು ಕಚ್ಚಿ ಉಸಿರು ಬಿಗಿಹಿಡಿದು ರಸ್ತೆಯನ್ನೇ ದುರುಗುಟ್ಟಿ ನೋಡುತ್ತ ನೇರ ಹೋಗಿ ಯಾವುದೋ ಗೋಡೆಗೆ ಗುದ್ದುತ್ತಾರೆ. ಅದಕ್ಕೇ ಅವಳು ತನ್ನ ಬಳಿ ಕಾರು ಕಲಿಯಲು ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು, ಮಾಡಬೇಕೆಂದಿರುವುದನ್ನೂ ಹೇಳಬೇಕು, ಆಮೇಲೆ ಮಾಡಬೇಕು. ಅದು ಅವಳ ಪದ್ಧತಿ. ಈ ಬೆಳಿಗ್ಗೆ ಚಾಲಕನ ಸೀಟಿನಲ್ಲಿದ್ದ ನಿವೃತ್ತ ಹೆಡ್ಮಾಸ್ಟರು ಕೆಲಸದಲ್ಲಿದ್ದಷ್ಟು ಕಾಲ ಮಕ್ಕಳ ಬಾಯಿ ಮುಚ್ಚಿಸಿದವರು, ಈಗ ತಾವೇ ಪಾಠ ಒಪ್ಪಿಸುವವರ ಹಾಗೆ, "ಎದುರಿಗೆ ಸೈಕಲ್ಲು. ಪಕ್ಕದಲ್ಲಿ ಹಾಲಿನ ವ್ಯಾನು. ನಾನು ನಿಧಾನ ಮಾಡ್ತಾ ಇದೀನಿ," ಎನ್ನುತ್ತಿದ್ದರು. ಹೇಳಿದರೇ ಹೊರತು ನಿಧಾನ ಮಾಡಿರಲಿಲ್ಲ. ಕಲಿಸುವವರಿಗೆಂದು ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕು ಇರುತ್ತದೆ; ಅವಳ ಕಾಲು ತಾನಾಗಿಯೇ ಅದನ್ನು ಒತ್ತಿತು. "ಹೇಗೆ ನಿಲ್ಲಿಸಿದೆ ನೋಡಿದ್ರಾ ಮೇಡಂ?" ಎಂದರು ಹೆಡ್ಮಾಸ್ಟರು. "ನೋಡಿದೆ ಸಾರ್," ಎಂದಳು. ಊರಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರು. ಬ್ರೇಕು ಒತ್ತಿದಾಗ ಒಳಗೆ, ಹೊಲಿಗೆ ಹಾಕಿದ ಜಾಗ ಚುಳುಕ್ಕೆಂದಿತು. ಪಾಠ ಮುಗಿಸಿ ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋಗಬೇಕಿತ್ತು, ಆಪರೇಷನ್ ಆಗಿ ವರ್ಷವಾದ ಮೇಲಿನ ತಪಾಸಣೆಗೆ. ಒಬ್ಬಳೇ ಹೋಗಿ ಡಾಕ್ಟರ ಹತ್ತಿರ ಒಂದು ಮಾತು ಹೇಳಬೇಕಿತ್ತು. ಆ ಮಾತು ಇನ್ನೂ ಬಾಯಿಗೆ ಬಂದಿರಲಿಲ್ಲ.

ವಾರದಿಂದ ಅದನ್ನೇ ಕಟ್ಟುತ್ತಿದ್ದಾಳೆ, ಮುರಿಯುತ್ತಿದ್ದಾಳೆ. 'ಡಾಕ್ಟ್ರೇ, ನಮಗೆ ಒಟ್ಟಿಗಿರೋಕೆ ಆಗ್ತಿಲ್ಲ' ಎಂದರೆ ವಿಚ್ಛೇದನ ಕೇಳಲು ಬಂದವಳ ಹಾಗಿರುತ್ತದೆ. 'ಅದು ಆಗ್ತಿಲ್ಲ' ಎಂದರೆ ಯಾವುದು ಎನ್ನುತ್ತಾರೆ, ಯಾವುದು ಎಂದು ವಿವರಿಸುವಷ್ಟರಲ್ಲಿ ನರ್ಸು, ಆಯಾ, ಕಲಿಯಲು ಬಂದ ಡಾಕ್ಟರ್ ಹುಡುಗಿಯರು ಎಲ್ಲರೂ ಕೆಲಸ ಬಿಟ್ಟು ಕಿವಿಯಾಗಿರುತ್ತಾರೆ. ಕ್ಲಚ್ಚು, ಗೇರು, ಕನ್ನಡಿ ಎಂದು ದಿನವಿಡೀ ಒಂದೊಂದರ ಹೆಸರು ಹಿಡಿದು ಹೇಳಿಕೊಡುವ ಬಾಯಿಗೆ ತನ್ನ ಮೈಯ ಒಂದು ಬೆರಳುದ್ದದ ಜಾಗದ ಹೆಸರು ಹೇಳಲು ಬರುವುದಿಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಪರೇಷನ್‌ಗೆ ಮುಂಚೆ ಹೀಗೆ ಸಿಟ್ಟು ಮಾಡಿಕೊಳ್ಳಲೂ ಬಿಡುವಿರಲಿಲ್ಲ. ಗರ್ಭಕೋಶ ಜಾರಿತ್ತು, ಜೊತೆಗೆ ಮೂತ್ರಕೋಶವೂ. ಬೆಳಿಗ್ಗೆ ಸರಿಯಾಗಿದ್ದದ್ದು ಎರಡು ಪಾಠ ಮುಗಿಯುವಷ್ಟರಲ್ಲಿ ಇಳಿದು, ತೊಡೆಗಳ ನಡುವೆ ಹಸಿ ಉಂಡೆಯೊಂದರ ಮೇಲೆ ಕೂತ ಹಾಗಾಗುತ್ತಿತ್ತು. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋಗಿ, ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಅದನ್ನು ಬೆರಳಿನಿಂದ ಒಳಕ್ಕೆ ತಳ್ಳಿ, ಕೈ ತೊಳೆದು ಬಂದು, "ಹೂಂ, ಫಸ್ಟ್ ಗೇರ್ ಹಾಕಿ," ಎನ್ನುತ್ತಿದ್ದಳು. ಕೆಮ್ಮಿದರೆ ಒದ್ದೆ. ನಕ್ಕರೆ ಒದ್ದೆ. ಕಲಿಯುವವರು ತಮಾಷೆಯವರಾಗಿದ್ದರೆ ಅವಳಿಗೆ ಭಯವಾಗುತ್ತಿತ್ತು. ಈಗ ಅದೇನೂ ಇಲ್ಲ. ಎಷ್ಟು ಬೇಕಾದರೂ ನಗಬಹುದು, ನಗುವಂಥದ್ದು ಏನೂ ಇಲ್ಲ ಅಷ್ಟೇ.

ಕೆಲಸಕ್ಕೆ ತೊಂದರೆ ಆಗ್ತಿದೆ, ಅದಕ್ಕೇ ಆಪರೇಷನ್, ಎಂದು ಎಲ್ಲರಿಗೂ ಹೇಳಿದ್ದಳು. ಸುಳ್ಳಲ್ಲ. ಆದರೆ ಹಲ್ಲು ಕಚ್ಚಿ ಆ ಮೇಜಿನ ಮೇಲೆ ಹತ್ತಿ ಮಲಗಿದ್ದು ಭಾನುವಾರಗಳಿಗಾಗಿ. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಅತ್ತೆ, ಮಾವ, ಮೈದುನ, ಮತ್ತು ನಡುವೆ ಒಂದು ಹಲಗೆಯ ಗೋಡೆ. ಮಾವ ಕೆಮ್ಮಿದರೆ ತಮ್ಮ ಹಾಸಿಗೆಯಲ್ಲೇ ಕೆಮ್ಮಿದ ಹಾಗೆ ಕೇಳುತ್ತಿತ್ತು. ತಮ್ಮದು ಅವರಿಗೆ ಕೇಳಬಾರದೆಂದು ಅವಳು ದಿಂಬಿನ ಮೂಲೆ ಕಚ್ಚಿಕೊಂಡು, ಬೇಗ ಮುಗಿಯಲಿ ಎಂದು ಕಾಯುತ್ತಿದ್ದಳು. ಆಮೇಲೆ ಮಗಳು ಹುಟ್ಟಿದಳು, ನಡುವೆ ಮಲಗಿದಳು, ಓದಿದಳು, ಮದುವೆಯಾಗಿ ಹೋದಳು. ಅತ್ತೆ ಮಾವ ಒಬ್ಬರ ಹಿಂದೊಬ್ಬರು ಹೋದರು. ಮೈದುನ ಬೇರೆ ಮನೆ ಮಾಡಿದ. ಐವತ್ತು ದಾಟಿ, ಮುಟ್ಟು ನಿಂತು, ಇನ್ನು ಮೊಣಕಾಲು ನೋವೊಂದು ಬಾಕಿ ಎನ್ನುವ ವಯಸ್ಸಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಗಂಡ ತನ್ನ ಕನ್ನಡಕದ ಅಂಗಡಿ ಮುಚ್ಚಿ ಬಂದವನು ಕಿಟಕಿಯ ಪರದೆ ಎಳೆದ. ಮನೆಯಲ್ಲಿ ಅವರಿಬ್ಬರೇ. ವರ್ಷಗಟ್ಟಲೆ ಗಾಜು ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ಮಗುವಿನ ಕೆನ್ನೆಯ ಹಾಗೆ ನುಣುಪಾಗಿದ್ದವು, ಅದನ್ನು ಅವಳು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಅವಳ ಬಾಯಿಂದ ಒಂದು ಸದ್ದು ಹೊರಟಿತು. ತನ್ನದೇ ಎಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ. "ಏನಾಯ್ತೇ?" ಎಂದು ಗಂಡ ಗಾಬರಿಯಾಗಿ ಕೇಳಿದ. "ಏನೂ ಆಗಿಲ್ಲ, ಸುಮ್ನಿರಿ," ಎಂದಳು, ಇಬ್ಬರಿಗೂ ನಗು ಬಂತು. ಅಲ್ಲಿಂದ ಮುಂದೆ ಭಾನುವಾರ ಎಂದರೆ ಆ ಪರದೆ. ಇಪ್ಪತ್ತರಲ್ಲಿ ಆಗಬೇಕಾದದ್ದು ಐವತ್ತರಲ್ಲಾಯಿತು ಎಂದು ಅವಳಿಗೆ ದುಃಖವಿರಲಿಲ್ಲ, ಸಿಕ್ಕಿತಲ್ಲ ಎಂಬ ಒಂದು ಕಳ್ಳ ಹಿಗ್ಗು ಇತ್ತು. ಸೋಮವಾರ ಬೆಳಿಗ್ಗೆ ಯಾರಾದರೂ ತಪ್ಪು ಗೇರು ಹಾಕಿದರೆ ಬೈಯುತ್ತಲೇ ಇರಲಿಲ್ಲ. ಹಾಗಿರುವಾಗಲೇ ಗರ್ಭಕೋಶ ಜಾರಿ, "ಏನೋ ಅಡ್ಡ ಬರ್ತಿದೆ ಕಣೇ," ಎಂದು ಗಂಡ ಮುಜುಗರದಿಂದ ಹಿಂದೆ ಸರಿದ.

ಆಪರೇಷನ್‌ಗೆ ದಿನ ಗೊತ್ತುಮಾಡಲು ಹೋದಾಗ ಡಾಕ್ಟರ ಕೋಣೆಯೊಳಗೆ ಜೊತೆಗೆ ಬಂದವಳು ಮಗಳು. ಮಗಳು ವಿಮಾ ಕಚೇರಿಯಲ್ಲಿದ್ದಾಳೆ, ಕೌಂಟರಿನ ಒಳಗೆ ಕೂತವರ ಮಾತೂ ಹೊರಗೆ ನಿಂತವರ ಮಾತೂ ಅವಳಿಗೆ ಬರುತ್ತದೆ. ಎಲ್ಲಿ ಹೋದರೂ ತಾಯಿಯ ಪರವಾಗಿ ಅವಳೇ ಮಾತಾಡುವುದು, ತಾಯಿಗೂ ಅದು ಆರಾಮಾಗಿ ಅಭ್ಯಾಸವಾಗಿತ್ತು. ಗಂಡ ಆಗ ರಕ್ತ ಪರೀಕ್ಷೆಯ ಕೋಣೆಯ ಮುಂದೆ ಕಾಯುತ್ತಿದ್ದ. ಡಾಕ್ಟರು, ಹೆಂಗಸೇ, ಮೂಲೆಯ ಬೇಸಿನ್ನಿನಲ್ಲಿ ಕೈ ತೊಳೆಯುತ್ತ ಬೆನ್ನು ಮಾಡಿಕೊಂಡೇ ಕೇಳಿದರು: "ಗಂಡ ಹೆಂಡತಿ ಸೇರೋದು ಈಗಲೂ ಇದೆಯಾ?" ಸಕ್ಕರೆ ಕಾಯಿಲೆ ಇದೆಯಾ, ಮಲಬದ್ಧತೆ ಇದೆಯಾ ಎಂದು ಕೇಳಿದ ಅದೇ ದನಿ. ಅವಳು ಬಾಯಿ ತೆರೆದಿದ್ದಳು. ಖಂಡಿತ ತೆರೆದಿದ್ದಳು, ಈಗಲೂ ಆಣೆ ಮಾಡಿ ಹೇಳಬಲ್ಲಳು. ಅಷ್ಟರಲ್ಲಿ ಮಗಳು ನಕ್ಕಳು. "ಅಯ್ಯೋ, ಏನ್ ಡಾಕ್ಟ್ರೇ ನೀವು, ಅಮ್ಮಂಗೆ ಐವತ್ತಾರು. ಅದೆಲ್ಲ ಯಾವ ಕಾಲದ ಮಾತು." ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ತಾಯಿಯ ಮಾನ ಉಳಿಸುವ ಆತುರವಷ್ಟೇ ಇತ್ತು. ತೆರೆದ ಬಾಯಿಯನ್ನು ಏನಾದರೂ ಮಾಡಬೇಕಲ್ಲ, ಅವಳೂ ನಕ್ಕಳು. ಡಾಕ್ಟರು ಕೈ ಒರೆಸಿಕೊಳ್ಳುತ್ತ ತಿರುಗಿ, ಇಬ್ಬರೂ ನಗುತ್ತಿರುವುದನ್ನು ನೋಡಿ, "ಹಾಗಾದ್ರೆ ಒಳ್ಳೇದೇ ಆಯ್ತು. ಸ್ವಲ್ಪ ಬಿಗಿಯಾಗೇ ಹೊಲಿದುಬಿಡ್ತೀನಿ, ಮತ್ತೆ ಜಾರೋ ಯೋಚನೆ ಇರಲ್ಲ," ಎಂದರು. ಬಿಗಿ ಎಂದರೆ ಗಟ್ಟಿ, ಗಟ್ಟಿ ಎಂದರೆ ಬಾಳಿಕೆ ಎಂದುಕೊಂಡು ಅವಳು ತಲೆಯಾಡಿಸಿದಳು. ಆಮೇಲೆ ಆ ನಗುವನ್ನು ಅವಳು ಎಷ್ಟು ಸಲ ನಕ್ಕಿದ್ದಾಳೋ. ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಕನ್ನಡಿಯ ಮುಂದೆ. ಎಷ್ಟು ಸಲ ನಕ್ಕು ನೋಡಿದರೂ ಅದು ಒಪ್ಪಿಗೆಯ ಹಾಗೇ ಕಾಣುತ್ತದೆ.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯವಳು ಬ್ಯಾಂಕಿನಲ್ಲಿ ಗುಮಾಸ್ತೆ, ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು, ಅದೇ ಡಾಕ್ಟರು, ಅದೇ ಆಪರೇಷನ್. ಗುಣವಾಗಿ ಮನೆಗೆ ಹೋದ ಮೇಲೆ ಒಂದು ದಿನ ಫೋನ್ ಮಾಡಿ, ಆ ವಿಷಯ ಈ ವಿಷಯ ಮಾತಾಡಿ, ದನಿ ತಗ್ಗಿಸಿ, "ಹೇಗೆ, ಯಜಮಾನ್ರು ಖುಷಿಯಾಗಿದಾರಾ? ನಮ್ಮನೇಲಂತೂ ಹೊಸದಾಗಿ ಮದುವೆ ಆದ ಹಾಗಿದೆ ಕಣ್ರೀ. ಭಾರ ಇಳಿದುಹೋಗಿದೆಯಲ್ಲ," ಎಂದಳು. "ಡಾಕ್ಟ್ರು ಕೇಳ್ದಾಗ ಏನಂದಿದ್ರಿ ನೀವು?" ಎಂದು ಅವಳು ಕೇಳಿದಳು. "ಏನನ್ಬೇಕು, ಇದೆ ಅಂದೆ. ನಾನೊಬ್ಬಳೇ ಹೋಗಿದ್ದೆ, ನಾಚಿಕೆ ಪಡೋಕೆ ಯಾರಿದ್ರು ಅಲ್ಲಿ," ಎಂದು ಗುಮಾಸ್ತೆ ಕಿಸಕ್ಕನೆ ನಕ್ಕಳು. ಫೋನಿಟ್ಟ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಒಳ್ಳೆಯ ಹೆಂಗಸು, ವಾರ್ಡಿನಲ್ಲಿ ಎದ್ದು ಕೂರಲು ಕೈ ಕೊಟ್ಟವಳು, ಅವಳ ಮೇಲೆ. ಏಕೆಂದರೆ ಆ ಹೊತ್ತಿಗೆ ಇವರು ಪರದೆ ಎಳೆದು ನೋಡಿ ಆಗಿತ್ತು. ಮೊದಲ ಸಲ ಬ್ಲೇಡಿನಿಂದ ಗೀರಿದ ಹಾಗಾಯಿತು, "ಬಿಡು, ಇನ್ನೂ ಹಸಿ ಇರ್ಬೇಕು," ಎಂದ ಗಂಡ. ತಿಂಗಳು ಬಿಟ್ಟು ಇನ್ನೊಂದು ಸಲ. ದಾರಿಯೇ ಇಲ್ಲ, ಗೋಡೆ. ಅವಳು ಹಲ್ಲು ಕಚ್ಚಿ, "ಇರಲಿ, ನೀವು ಮಾಡಿ," ಎಂದಳು. ಅವಳ ಕಣ್ಣಿನಲ್ಲಿ ನೀರು ನೋಡಿ ಅವನು ಎದ್ದು ಅಂಗಿ ಹಾಕಿಕೊಂಡ. "ವಯಸ್ಸಾಯ್ತಲ್ಲ, ಬಿಡು." ಆಮೇಲೆ ಅವನು ಭಾನುವಾರವೂ ಅಂಗಡಿ ತೆರೆಯತೊಡಗಿದ. ಭಾನುವಾರ ಮಧ್ಯಾಹ್ನ ಆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಒಮ್ಮೆ ಕಾರಿನಲ್ಲಿ ಆ ಕಡೆ ಹೋದವಳು ನೋಡಿದಳು: ಖಾಲಿ ಅಂಗಡಿಯಲ್ಲಿ ಕೂತು ಅವನು ಯಾರದ್ದೋ ಕನ್ನಡಕವನ್ನು ಒರೆಸುತ್ತಿದ್ದ, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸುತ್ತಿದ್ದ. ಮಗಳು ನಕ್ಕದ್ದು, ತಾನು ನಕ್ಕದ್ದು, ಬಿಗಿಯಾಗಿ ಹೊಲಿದದ್ದು, ಇದಾವುದನ್ನೂ ಅವಳು ಅವನಿಗೆ ಹೇಳಿರಲಿಲ್ಲ. ಹೇಳಿದರೆ ಮಗಳ ಮೇಲೆ ಹೇಳಬೇಕಾಗುತ್ತಿತ್ತು. ಆ ಮಗಳೋ ದಿನಾ ಫೋನ್ ಮಾಡಿ, "ಈಗ ಆರಾಮ ತಾನೇ ಅಮ್ಮಾ?" ಎಂದು ಕೇಳುತ್ತಿದ್ದಳು.

ಹೆಡ್ಮಾಸ್ಟರನ್ನು ಅವರ ಮನೆಯ ಮುಂದೆ ಇಳಿಸಿ, ಆಸ್ಪತ್ರೆಯ ಹಿಂಭಾಗದಲ್ಲಿ ಕಾರು ನಿಲ್ಲಿಸಿ ಬಂದರೆ ಬಾಗಿಲಲ್ಲೇ ಮಗಳು ನಿಂತಿದ್ದಳು. ತಪಾಸಣೆಯ ದಿನ ನೆನಪಿಸುವ ಮೆಸೇಜು ಅವಳ ಫೋನಿಗೆ ಹೋಗಿತ್ತು, ಸೇರಿಸುವಾಗ ಕೊಟ್ಟಿದ್ದು ಅವಳದ್ದೇ ನಂಬರು. "ನೋಡು, ನೀನು ಮರೆತಿರ್ತೀಯ ಅಂತ ನಾನೇ ಬಂದೆ, ಅರ್ಧ ದಿನ ರಜ ಹಾಕಿ. ಅಪ್ಪನ್ನೂ ಕರ್ಕೊಂಡು ಬಂದಿದೀನಿ, ಹೇಗೂ ಅವರ ಕಣ್ಣಿನ ಒತ್ತಡ ನೋಡಿಸ್ಬೇಕಿತ್ತು." ಗಂಡ ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈ ಕಟ್ಟಿ ಕೂತಿದ್ದವನು ಅವಳನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದ. ಅಲ್ಲಿ ಕೂತ ಗಂಡಸು ಅವನೊಬ್ಬನೇ. ಸುತ್ತ ಬಸುರಿಯರು, ಬಾಣಂತಿಯರು, ಅವಳ ವಯಸ್ಸಿನ, ಕೂತಲ್ಲಿ ಮೆಲ್ಲಗೆ ಮಗ್ಗುಲು ಬದಲಿಸುವ ಹೆಂಗಸರು. ಇವರಲ್ಲಿ ಯಾರು ಯಾರು ನಕ್ಕಿದ್ದಾರೋ ಎಂದು ಅವಳು ಒಂದೊಂದೇ ಮುಖ ನೋಡಿದಳು. ಇವತ್ತು ಬೇಡ, ಇನ್ನೊಂದು ದಿನ ಒಬ್ಬಳೇ ಬಂದರಾಯಿತು ಎನ್ನಿಸಿತು. ಇನ್ನೊಂದು ದಿನ ಎಂದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಅವನು ಭಾನುವಾರದ ಅಂಗಡಿಗೆ ಒಬ್ಬ ಆಳನ್ನೂ ಇಟ್ಟುಕೊಂಡಿರುತ್ತಾನೆ. ಹೆಸರು ಕೂಗಿದರು. ಮೂವರೂ ಎದ್ದರು. "ನೀವು ಯಾಕೆ, ಇಲ್ಲೇ ಇರಿ," ಎಂದಳು ಅವಳು. "ಇರಲಿ ಬಾರಮ್ಮ, ಎಲ್ಲರೂ ಕೇಳಿಸ್ಕೊಂಡ್ರೆ ಒಳ್ಳೇದು," ಎಂದು ಮಗಳು ಬಾಗಿಲು ತಳ್ಳಿದಳು.

ಪರೀಕ್ಷೆಯ ಮೇಜು ಪರದೆಯ ಆಚೆ, ಡಾಕ್ಟರ ಮೇಜು ಈಚೆ, ಅದರ ಮುಂದೆ ಗಂಡ ಮತ್ತು ಮಗಳು, ನಡುವೆ ಹಸಿರು ಬಟ್ಟೆ ಒಂದೇ. ಅವಳು ಕಾಲೆತ್ತಿ ಮಲಗಿದಳು. ಕಲಿಯಲು ಬಂದ ಹುಡುಗಿಯರು ಇಬ್ಬರು ಬಗ್ಗಿದರು. "ಕೆಮ್ಮಿ ಅಮ್ಮ," ಎಂದರು ಡಾಕ್ಟರು. ಕೆಮ್ಮಿದಳು. "ಇನ್ನೊಂದ್ಸಲ, ಜೋರಾಗಿ. ನೋಡಿದ್ರಾ, ಒಂದು ಚೂರೂ ಇಳಿಯಲ್ಲ. ಇಷ್ಟು ಚೆನ್ನಾಗಿ ನಿಂತಿದೆ." ಹುಡುಗಿಯರು ನೋಡಿದೆವು ಎಂಬಂತೆ ತಲೆಯಾಡಿಸಿದರು. ಡಾಕ್ಟರ ಬೆರಳು ಅಂಚಿಗೆ ತಾಗಿದಾಗ ಅವಳು ಮೇಜಿನ ಕಂಬಿಯನ್ನು ಬಲವಾಗಿ ಹಿಡಿದುಕೊಂಡಳು. ಸಂತೆಗೆ ತಂದ ದನದ ಬಾಯಿ ಬಿಡಿಸಿ ಹಲ್ಲು ನೋಡಿದಂತೆ ನೋಡುತ್ತಿದ್ದಾರೆ ಎಂದು ಅವಮಾನವಾಯಿತು, ಆ ಅವಮಾನದ ಬಿಸಿಯಲ್ಲೇ, ಒಂದು ವಾರ ಕಟ್ಟಿದ್ದೆಲ್ಲ ಮರೆತು, ಬೇರೆಯದೇ ಮಾತು ಬಂತು. "ಡಾಕ್ಟ್ರೇ, ಮನೆಯವರ ಜೊತೆ ಮಲಗೋಕೆ ಆಗ್ತಿಲ್ಲ. ಒಳಗೆ ಹೋಗಲ್ಲ. ನೋವು." ಡಾಕ್ಟರ ಕೈ ನಿಂತಿತು. "ಹಾಂ?" ಎಂದರು, ಕಿವಿ ಕೇಳದವರ ಹಾಗೆ ಜೋರಾಗಿ. ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು. ಪರದೆಯ ಈಚೆ ಕುರ್ಚಿಯೊಂದು ಕಿರ್ರೆಂದಿತು. "ಅದು ಇಲ್ಲ ಅಂದಿದ್ರಲ್ಲ?" "ನಾನು ಅಂದಿಲ್ಲ." "ಯಾರೋ ಅಂದಿರ್ತಾರಮ್ಮ. ನಾವು ಕೇಳದೆ ಹಾಗೆಲ್ಲ ಮಾಡಲ್ಲ. ಕೇಳಿಯೇ ಮಾಡಿದ್ದು." ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಹುಡುಗಿಯರಲ್ಲಿ ಒಬ್ಬಳು ಅವಳ ಮುಖ ನೋಡಿದಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಯಾರೋ ಅವಳ ಮುಖ ನೋಡಿದ್ದು.

ಬಟ್ಟೆ ಸರಿಮಾಡಿಕೊಂಡು ಈಚೆ ಬಂದರೆ ಮಗಳು ಗೋಡೆಯ ಮೇಲಿನ ಗರ್ಭದ ಚಿತ್ರವನ್ನು ಓದುತ್ತಿದ್ದಳು, ಕಿವಿಯೆಲ್ಲ ಕೆಂಪಾಗಿತ್ತು. ಗಂಡ ತನ್ನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಡಾಕ್ಟರು ಕೆಟ್ಟವರಲ್ಲ. ದನಿ ತಗ್ಗಿಸಿ, ಸಾವಧಾನವಾಗಿಯೇ ಹೇಳಿದರು. ಈ ಆಪರೇಷನ್ ಆದ ಮೇಲೆ ಹೆಚ್ಚು ಜನಕ್ಕೆ ಆ ವಿಷಯದಲ್ಲಿ ಮೊದಲಿಗಿಂತ ಆರಾಮಾಗುತ್ತದೆ, ಕೆಲವರಿಗೆ ಮಾತ್ರ ಹೀಗಾಗುತ್ತದೆ, ಬಿಗಿಯಾಗಿ ಹೊಲಿದ ಕಡೆ ಇನ್ನೂ ಜಾಸ್ತಿ. ಒಂದು ಮುಲಾಮು ಇದೆ. ಸಣ್ಣದರಿಂದ ದೊಡ್ಡದರವರೆಗೆ ನುಣುಪಾದ ಪ್ಲಾಸ್ಟಿಕ್ ಕಡ್ಡಿಗಳ ಒಂದು ಪೆಟ್ಟಿಗೆ ಸಿಗುತ್ತದೆ, ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿಸಿಕೊಳ್ಳಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು, ಮನೆಯವರ ಸಹಕಾರವೂ ಬೇಕು. ಅದಕ್ಕೂ ಬಗ್ಗದಿದ್ದರೆ ಸಣ್ಣದೊಂದು ಆಪರೇಷನ್ ಮಾಡಿ ಸಡಿಲಿಸಬಹುದು. "ಆದ್ರೆ ಈ ವಯಸ್ಸಲ್ಲಿ ಇಷ್ಟೆಲ್ಲ ಕಷ್ಟ ಬೇಕಾ ಅಂತ ನೀವೇ ಯೋಚನೆ ಮಾಡಿ," ಎಂದು ಗಂಡನ ಕಡೆ ತಿರುಗಿದರು. "ಏನು ಸಾರ್, ನಿಮಗೆ ತುಂಬಾ ತೊಂದರೆ ಆಗ್ತಿದೆಯಾ?"

ಗಂಡ ಕನ್ನಡಕ ಹಾಕಿಕೊಂಡ. ಮಗಳ ಬೆನ್ನು ನೋಡಿದ. ಗಿರಾಕಿಗೆ ಚೌಕಟ್ಟು ಒಪ್ಪಿಸುವಾಗಿನ ಸಮಾಧಾನದ ದನಿಯಲ್ಲಿ, "ಇಲ್ಲ ಡಾಕ್ಟ್ರೇ, ನನಗೇನೂ ತೊಂದರೆ ಇಲ್ಲ. ಅವಳು ಆರೋಗ್ಯವಾಗಿದ್ರೆ ಸಾಕು. ನಮಗೆ ಅದೆಲ್ಲ ಯಾವತ್ತೋ ಮುಗಿದ ಮಾತು," ಎಂದ. ಡಾಕ್ಟರ ಮುಖ ಅರಳಿತು. "ನೋಡಿ ಅಮ್ಮ, ಇಂಥ ಯಜಮಾನ್ರು ಸಿಗಬೇಕು. ನೀವು ಸುಮ್ಸುಮ್ನೆ ಅವರಿಗೆ ಬೇಜಾರಾಗುತ್ತೆ ಅಂತ ತಲೆ ಕೆಡಿಸ್ಕೊಂಡಿದೀರಿ." ಮಗಳೂ ತಿರುಗಿದಳು, ಅಪ್ಪನ ಮೇಲಿನ ಅಕ್ಕರೆಗೆ ಅವಳ ಕಣ್ಣಿನಲ್ಲಿ ನೀರೇ ಬಂದಿತ್ತು. ಕೋಣೆಯಲ್ಲಿದ್ದವರೆಲ್ಲ ಒಂದು ಭಾರ ಇಳಿದವರಂತೆ ಉಸಿರು ಬಿಟ್ಟರು. ಇನ್ನು ಅವಳು ನಗಬೇಕಿತ್ತು ಅಷ್ಟೇ. ನಕ್ಕಿದ್ದರೆ ಹೊರಗೆ ಹೋಗಿ ಮೂವರೂ ಚಹಾ ಕುಡಿಯಬಹುದಿತ್ತು. "ಅವರ ತೊಂದರೆ ಅಲ್ಲ ಡಾಕ್ಟ್ರೇ," ಎಂದಳು. "ಅವರಿಗೆ ಬೇಡದೆ ಇರಬಹುದು. ನಂಗೆ ಬೇಕು." ದನಿ ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಕಲಿಯುವ ಹುಡುಗಿಯರು ಪರದೆಯ ಹಿಂದೆ ಕೈಗವಸು ಕಳಚುವ ಸದ್ದು ನಿಂತಿತು. ಡಾಕ್ಟರು ಅವಳನ್ನು ಒಂದು ಗಳಿಗೆ ನೋಡಿ, ಚೀಟಿ ಎಳೆದುಕೊಂಡು ಬರೆಯತೊಡಗಿದರು.

ಹೊರಗೆ ಔಷಧಿ ಕೊಳ್ಳುವ ಕಿಟಕಿಯ ಮುಂದೆ ಗಂಡ ನಿಲ್ಲಲಿಲ್ಲ, ಕಾರಿನ ಹತ್ತಿರ ಇರ್ತೀನಿ ಎಂದು ಹೋದ. ಕಣ್ಣಿನ ಒತ್ತಡ ನೋಡಿಸುವುದು ಯಾರಿಗೂ ನೆನಪಾಗಲಿಲ್ಲ. ಮಗಳು ಹತ್ತಿರ ಬಂದು, ಅತ್ತಿತ್ತ ನೋಡಿ, "ಅಪ್ಪನ ಮುಂದೆ ಯಾಕಮ್ಮಾ ಹಾಗೆಲ್ಲ ಹೇಳೋಕ್ಕೆ ಹೋದೆ?" ಎಂದಳು. "ನಿಮ್ಮಪ್ಪನ ಮುಂದಲ್ದೆ ಇನ್ಯಾರ ಮುಂದೆ ಹೇಳ್ಲಿ?" ಮಗಳು ತುಟಿ ಕಚ್ಚಿಕೊಂಡಳು. "ಈಗ ಎಲ್ಲ ನನ್ನ ತಲೆಗೆ ಬರುತ್ತೆ. ನಂಗೆ ಹೇಗಮ್ಮ ಗೊತ್ತಾಗ್ಬೇಕು, ಯಾವ ಮಗಳಿಗೆ ಗೊತ್ತಿರುತ್ತೆ?" "ಗೊತ್ತಿಲ್ಲದ್ದನ್ನ ಹೇಳ್ಬಾರ್ದಿತ್ತು." "ನೀನೂ ನಕ್ಕೆ." "ಹೌದು, ನಕ್ಕೆ," ಎಂದಳು. ಮಗಳ ಕೆನ್ನೆ ಸವರಬೇಕೆನ್ನಿಸಿತು, ಒಂದು ಏಟು ಕೊಡಬೇಕೆಂದೂ ಅನ್ನಿಸಿತು. ಮಗಳು ಕಚೇರಿಗೆ ಹೊತ್ತಾಯಿತೆಂದು ಆಟೋ ಹಿಡಿದಳು, ಅರ್ಧ ದಿನದ ರಜ ಹಾಕಿದ್ದನ್ನು ಮರೆತವಳಂತೆ. ಕಿಟಕಿಯ ಒಳಗಿನವನು ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರಿಗೆ ಇದು?" ಎಂದು ಕೇಳಿದ. "ನನಗೆ," ಎಂದಳು.

ಕಾರಿನಲ್ಲಿ ಗಂಡ ಬೆಲ್ಟು ಹಾಕಿಕೊಂಡು ರಸ್ತೆಯನ್ನೇ ನೋಡುತ್ತ ಕೂತ. ಅವಳು ಓಡಿಸುವುದರಲ್ಲೇ ಇದ್ದಳು. ಲಾರಿಯೊಂದರ ಹಿಂದೆ ನಿಂತಾಗ, "ಮಗಳ ಮುಖ ಇನ್ನು ಹೇಗೆ ನೋಡ್ಲಿ ನಾನು?" ಎಂದ ಅವನು. "ಯಾಕೆ, ಅವಳೆಲ್ಲಿಂದ ಬಂದ್ಲು ಅಂತ ಅವಳಿಗೆ ಗೊತ್ತಿಲ್ವಾ?" "ತಮಾಷೆ ಮಾಡ್ಬೇಡ." "ನೀವು ಸುಳ್ಳು ಹೇಳಿದ್ರಿ ಅಲ್ಲಿ." "ಇನ್ನೇನು ಹೇಳ್ಬೇಕಿತ್ತು, ತೊಂದರೆ ಆಗ್ತಿದೆ, ಸರಿ ಮಾಡ್ಕೊಡಿ ಅಂತ ಹಲ್ಲು ಗಿಂಜಬೇಕಿತ್ತಾ? ನಿನಗೋಸ್ಕರ ಹೇಳಿದೆ. ಮತ್ತೆ ಕೊಯ್ಸಿಕೊಳ್ಳೋದು, ನೋವು, ಇದೆಲ್ಲ ನಿನಗೆ ಬೇಡ ಅಂತ." "ನನಗೋಸ್ಕರ ಆಗಿದ್ರೆ ನನ್ನನ್ನ ಕೇಳ್ಬೇಕಿತ್ತು." ಲಾರಿ ಹೊರಟಿತು. ಅವನು ಕಿಟಕಿಯ ಹೊರಗೆ ನೋಡುತ್ತ, ಯಾವುದೋ ಹಳೆಯ ಲೆಕ್ಕ ತಪ್ಪಿದವನ ದನಿಯಲ್ಲಿ ಹೇಳಿದ: "ಇಷ್ಟು ವರ್ಷ ನಾನು ಕೇಳ್ತೀನಿ ಅಂತ ನೀನು ಒಪ್ಕೊಳ್ತೀಯ ಅಂದ್ಕೊಂಡಿದ್ದೆ." ಅವಳಿಗೆ ಆ ಮಾತು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಾಗಾದರೆ ಆ ಮಧ್ಯಾಹ್ನಗಳಲ್ಲಿ ಅವಳು ಇದ್ದಳೆಂದೇ ಅವನಿಗೆ ಗೊತ್ತಿರಲಿಲ್ಲ. ಅವಳ ಬಾಯಿಂದ ಬಂದ ಆ ಸದ್ದನ್ನೂ ಅವನು ತನ್ನನ್ನು ಖುಷಿಪಡಿಸಲು ಅವಳು ಕೊಟ್ಟದ್ದೆಂದು ಇಸಿದುಕೊಂಡಿದ್ದ, ಊಟ ಬಡಿಸಿದ್ದನ್ನು ಇಸಿದುಕೊಂಡ ಹಾಗೆ. ಕೊಡುತ್ತಿದ್ದವಳು ಬೇಕು ಎಂದ ಕೂಡಲೇ ಪಕ್ಕದಲ್ಲಿ ಯಾರೋ ಗುರುತಿಲ್ಲದವಳು ಕೂತ ಹಾಗೆ ಅವನು ಬಾಗಿಲಿಗೆ ಒತ್ತಿಕೊಂಡು ಕೂತಿದ್ದ. ಅವಳಿಗೆ ಅಳು ಬರಲಿಲ್ಲ. ಅಷ್ಟು ವರ್ಷಗಳ ಭಾನುವಾರಗಳನ್ನು ಯಾರೋ ಕೂತ ಕೂತಲ್ಲೇ ಕಿತ್ತುಕೊಂಡ ಹಾಗೆ ಮೈ ತಣ್ಣಗಾಯಿತು.

ಮನೆಗೆ ಬಂದು, ರಾತ್ರಿಗೆ ತಣ್ಣಗಾದದ್ದನ್ನೇ ಬಡಿಸಿಕೊಂಡು ಉಂಡರು. ಉಪ್ಪು ಸರಿಯಾಗಿದೆಯಾ ಎಂದು ಅವಳು ಕೇಳಿದಳು, ಇದೆ ಎಂದ. ಉಂಡ ಮೇಲೆ ಅವನು ಕೋಣೆಗೆ ಬಂದು, ಹಾಸಿಗೆಯ ಮೇಲಿಂದ ತನ್ನ ದಿಂಬನ್ನೂ ಹೊದಿಕೆಯನ್ನೂ ಎತ್ತಿಕೊಂಡ. "ಆ ಕೋಣೆಯಲ್ಲಿ ಮಲಗ್ತೀನಿ. ನೀನು ಡಾಕ್ಟ್ರು ಹೇಳಿದ್ದೆಲ್ಲ ನಿಧಾನವಾಗಿ ಮಾಡ್ಕೋ. ನಾನು ಅಡ್ಡ ಬರಲ್ಲ," ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೊಲಿಗೆಯೋ ಹಾಡೋ ಕಲಿಯುವ ಹುಚ್ಚು ಹಿಡಿದಿದೆ, ಮಾಡಿಕೊಳ್ಳಲಿ ಎನ್ನುವ ಉದಾರತೆ ಇತ್ತು. ಸಿಟ್ಟಿದ್ದಿದ್ದರೆ ಅವಳು ಜಗಳವಾಡಿ ದಿಂಬು ಕಿತ್ತುಕೊಳ್ಳುತ್ತಿದ್ದಳು. ಅವನು ಮಗಳು ಓದುತ್ತಿದ್ದ ಕೋಣೆಗೆ ಹೋದ, ಮಂಚ ಕಿರುಗುಟ್ಟಿತು. ಅವಳು ಹಾಸಿಗೆಯ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು. ಒಂದಕ್ಕಿಂತ ಒಂದು ದೊಡ್ಡದು, ಬಿಳಿ, ಯಾರ ಮೈಯನ್ನೂ ಹೋಲದವು. ಎಲ್ಲಕ್ಕಿಂತ ಚಿಕ್ಕದು ಕಿರುಬೆರಳಿಗಿಂತ ಸ್ವಲ್ಪ ದಪ್ಪ. ಅದಕ್ಕೇ ಭಯವಾಯಿತು. ಇದನ್ನೆಲ್ಲ ಹಿಗ್ಗಿಸಿ ಕೊನೆಗೆ ಯಾರಿಗೆ ಎಂದು ಒಂದು ಗಳಿಗೆ ಯೋಚಿಸಿದಳು, ಔಷಧಿ ಕಿಟಕಿಯವನಿಗೆ ಹೇಳಿದ ಉತ್ತರವೇ ಮತ್ತೆ ಬಂತು. ಮುಲಾಮಿನ ಮುಚ್ಚಳ ತೆಗೆದು, ದಿಂಬಿಗೆ ಒರಗಿ, ಬಟ್ಟೆ ಸಡಿಲಿಸಿಕೊಂಡಳು. ಮೊದಲ ನೋವಿಗೆ ಹಾ ಎಂದಳು, ತಡೆಯಲು ಹೋಗಲಿಲ್ಲ.

"ಬಾಗಿಲಾದ್ರೂ ಹಾಕ್ಕೋ," ಎಂದು ಆ ಕೋಣೆಯಿಂದ ಅವನ ದನಿ ಬಂತು.

"ಯಾಕೆ? ಮನೇಲಿ ಇನ್ಯಾರಿದಾರೆ?" ಎಂದಳು.

ಸ್ವಲ್ಪ ಹೊತ್ತಿಗೆ ಮಂಚ ಮತ್ತೆ ಕಿರುಗುಟ್ಟಿತು, ಬರಿಗಾಲಿನ ಸದ್ದು ಹತ್ತಿರ ಬಂತು. ಅವಳು ಕೈ ನಿಲ್ಲಿಸಿ ಕಾದಳು. ಮುಖ ಆಚೆ ತಿರುಗಿಸಿಕೊಂಡೇ ಅವನು ಕೈಯನ್ನಷ್ಟೇ ಒಳಗೆ ಚಾಚಿ, ಹಿಡಿಯನ್ನು ತಡಕಿ ಹುಡುಕಿ, ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋದ.